42.34 ಮೀಟರಿನ ನೆನಪು

ಸಿದ್ದಾಪುರದ ಗುಡ್ಡಗಳ ನಡುವೆ ನನ್ನ ಕಾರಿನ ಹ್ಯಾಮ್ ರೇಡಿಯೋ ಮಾತಾಡೋದು ಸುಮಾರು 7.08 ಮೆಗಾಹರ್ಟ್ಸ್‌ನಲ್ಲಿ. ಈ ಶಾರ್ಟ್‌ವೇವ್ ಅಯಾನುಗೋಳಕ್ಕೆ ತಾಗಿ ಗುಡ್ಡದಾಚೆ ಇಳಿಯುತ್ತೆ. ಇದಕ್ಕೆ ಕಾಲು ಅಲೆಯಷ್ಟು, ಅಂದರೆ ಹತ್ತೂವರೆ ಮೀಟರ್ ಉದ್ದದ ಆಂಟೆನಾ ಬೇಕು. ಕಾರಿನ ಮೇಲಿರೋದು ಎರಡೂವರೆ ಮೀಟರ್ ಕಡ್ಡಿ. ಉಳಿದ ಕೊರತೆಯನ್ನು ಕಾಯಿಲ್ ತುಂಬಿಕೊಡುತ್ತೆ. ತುದಿಯನ್ನು ಒಂದೆರಡು ಸೆಂಟಿಮೀಟರ್ ಸರಿಸಿದರೂ ಟ್ಯೂನಿಂಗ್ ಬದಲಾಗುತ್ತೆ.

ಈ ಅಲೆಗೊಂದು ಇತಿಹಾಸವಿದೆ. 1942ರಲ್ಲಿ, ಯುದ್ಧದಿಂದಾಗಿ ಹ್ಯಾಮ್ ಲೈಸೆನ್ಸ್‌ಗಳು ರದ್ದಾಗಿದ್ದಾಗ, ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದ್ದು 42.34 ಮೀಟರಿನಲ್ಲಿ; ಲೆಕ್ಕ ಹಾಕಿದರೆ ಅದೇ 7.08. ಪೊಲೀಸರ ಕಣ್ಣು ತಪ್ಪಿಸಲು ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಸಾಗಿಸಿದರು. ನವೆಂಬರ್ 12ಕ್ಕೆ ಸಿಕ್ಕಿಬಿದ್ದರು. ಆಗ ಸಿದ್ದಾಪುರವೂ ಮುಂಬಯಿ ಪ್ರಾಂತ್ಯದ್ದೇ. ಕರನಿರಾಕರಣೆಗಾಗಿ ಜಮೀನು ಕಳಕೊಂಡ ರೈತರ ಸೀಮೆ. ನಾವಿಂದು ಲೈಸೆನ್ಸ್ ಇಟ್ಟುಕೊಂಡು ಹರಟುವ ಅಲೆಯಲ್ಲಿ ಮಾತಾಡಿದ್ದಕ್ಕೆ ಉಷಾ ಅವರಿಗೆ 4 ವರ್ಷ ಜೈಲಾಯಿತು.