ಕಂಸದೊಳಗಿನ ಮಾತು: ಅಂತರರಾಷ್ಟ್ರೀಯ ಹಕ್ಕು ಮತ್ತು ಶಾಂತಿ ನೀತಿಯಲ್ಲಿ ಲಿಂಗತ್ವದ ಪದಚರಿತ್ರೆ

ವಿಶ್ವಸಂಸ್ಥೆಯ ಕರಡುಗಳಲ್ಲಿ ಒಂದು ರೂಢಿಯಿದೆ. ಸದಸ್ಯ ರಾಷ್ಟ್ರಗಳು ಒಪ್ಪದ ಪದಗಳನ್ನು ಚೌಕ ಕಂಸದೊಳಗೆ ಇಡುತ್ತಾರೆ. ಮಾತುಕತೆ ಮುಗಿಯುವ ಹೊತ್ತಿಗೆ ಕಂಸ ಕಳಚಿ ಪದ ಉಳಿಯಬೇಕು, ಇಲ್ಲವೇ ಕಂಸದ ಜೊತೆಗೆ ಪದವೂ ಹೋಗಬೇಕು. 1995ರ ಸೆಪ್ಟೆಂಬರಿನಲ್ಲಿ ಬೀಜಿಂಗ್‌ನಲ್ಲಿ ನಡೆದ ನಾಲ್ಕನೆಯ ವಿಶ್ವ ಮಹಿಳಾ ಸಮ್ಮೇಳನದಲ್ಲಿ ‘ಲೈಂಗಿಕ ಒಲವು’ ಎಂಬ ಮಾತಿಗೆ ಆದದ್ದು ಎರಡನೆಯ ಗತಿ. ಸಮಾನ ಹಕ್ಕಿನ ಮಾತಿನಲ್ಲಿ ಸಲಿಂಗಪ್ರೇಮಿ ಮಹಿಳೆಯರೂ ಸೇರಬೇಕೆಂದು ದಕ್ಷಿಣ ಆಫ್ರಿಕಾದ ಬೆವರ್ಲಿ ಡಿಟ್ಸಿ ಅದೇ ಸಮ್ಮೇಳನದ ವೇದಿಕೆಯಿಂದ ಕೇಳಿದ್ದರು. ಅಂತಿಮ ಪಠ್ಯದಲ್ಲಿ ಆ ಪದ ಉಳಿಯಲಿಲ್ಲ.

ಮಹಿಳೆಯರ ಹಕ್ಕು ಮತ್ತು ಲೈಂಗಿಕ ಅಲ್ಪಸಂಖ್ಯಾತರ ಹಕ್ಕು ಅಂತರರಾಷ್ಟ್ರೀಯ ನೀತಿಯೊಳಕ್ಕೆ ಬಂದದ್ದು ಎರಡು ಬೇರೆ ಬಾಗಿಲುಗಳಿಂದ ಎಂಬುದು ಈ ಲೇಖನದ ವಾದ. ಮೊದಲನೆಯದು ಪಠ್ಯದಲ್ಲೇ ಬರೆಯಿಸಿಕೊಂಡು ಬಂದಿತು. ಎರಡನೆಯದು ಆಗಲೇ ಬರೆದಿದ್ದ ಪದದ ಅರ್ಥವನ್ನು ಹಿಗ್ಗಿಸಿಕೊಂಡು ಬಂದಿತು. ಎರಡೂ ಒಂದೇ ಹಾಳೆಯಲ್ಲಿ ಸೇರಿದ ಕೊಲಂಬಿಯಾದ ಶಾಂತಿ ಒಪ್ಪಂದದಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಗೊತ್ತಾಯಿತು.

ಬರೆಯಿಸಿಕೊಂಡ ಪದ

ಕನ್ನಡದ ‘ಮಾನವರು’ ಎಂಬ ಮಾತಿನಲ್ಲಿ ಗಂಡು ಹೆಣ್ಣೆಂಬ ಗೆರೆ ಕಾಣುವುದಿಲ್ಲ. ಇಂಗ್ಲಿಷಿನ ‘ಮೆನ್’ ಹಾಗಲ್ಲ. ಅದು ಗಂಡಸರೂ ಹೌದು, ಮನುಷ್ಯರೂ ಹೌದು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ಮೊದಲಿಗಿದ್ದದ್ದು ಈ ಪದವೇ. ಅದರಲ್ಲಿ ಹೆಂಗಸರೂ ಸೇರಿದ್ದಾರೆಂಬುದು ಎಲ್ಲರೂ ಒಪ್ಪಿದ ರೂಢಿ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್ ಭಾವಿಸಿದ್ದರು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಒಪ್ಪಲಿಲ್ಲ. ಕೆಲವು ದೇಶಗಳು ಇದನ್ನು ಅಕ್ಷರಶಃ ಓದಿ ಮಹಿಳೆಯರನ್ನು ಹೊರಗಿಟ್ಟಾವು ಎಂಬುದು ಅವರ ಆತಂಕ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಘೋಷಣೆ ಅಂಗೀಕಾರವಾದಾಗ ಮೊದಲ ವಿಧಿಯಲ್ಲಿ ‘ಎಲ್ಲ ಮಾನವರೂ’ ಎಂದಿತ್ತು. ಭಾರತದ ಸಂವಿಧಾನ ಸಭೆಯಲ್ಲೂ ಸದಸ್ಯೆಯಾಗಿದ್ದ ಮೆಹ್ತಾ ಅವರಿಗೆ, ರೂಢಿಯ ಔದಾರ್ಯವನ್ನು ನೆಚ್ಚಿ ಕೂತರೆ ಹಕ್ಕು ಕೈಗೆ ಸಿಗದೆಂಬ ಅರಿವಿತ್ತು.

ಮಹಿಳಾ ಚಳವಳಿ ಮುಂದೆಯೂ ಇದೇ ಹಾದಿ ಹಿಡಿಯಿತು. 1979ರಲ್ಲಿ ಮಹಿಳಾ ತಾರತಮ್ಯದ ವಿರುದ್ಧದ ಒಡಂಬಡಿಕೆ ಬಂತು. ಭಾರತ ಅದನ್ನು 1993ರಲ್ಲಿ ಸ್ಥಿರೀಕರಿಸಿತು. 2000ದ ಅಕ್ಟೋಬರ್ 31ರಂದು, ನಮೀಬಿಯಾ ಅಧ್ಯಕ್ಷತೆ ವಹಿಸಿದ್ದ ತಿಂಗಳಲ್ಲಿ, ಭದ್ರತಾ ಮಂಡಳಿ 1325ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಯುದ್ಧದಲ್ಲಿ ಮಹಿಳೆಯರಿಗೆ ರಕ್ಷಣೆ ಕೊಟ್ಟರಷ್ಟೇ ಸಾಲದು, ಸಂಧಾನದ ಮೇಜಿನಲ್ಲಿ ಅವರಿಗೆ ಸ್ಥಾನವೂ ಬೇಕು ಎಂದು ಮಂಡಳಿ ಹೇಳಿದ್ದು ಆಗ. ಆದರೆ ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಆ ನಿರ್ಣಯದಲ್ಲಿ ಒಂದು ಮಾತೂ ಇಲ್ಲ.

ಹಿಗ್ಗಿದ ಪದ

ಲೈಂಗಿಕ ಅಲ್ಪಸಂಖ್ಯಾತರ ದಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಹೊರಟಿತು. ಗಂಡಸರ ನಡುವಿನ ಸಮ್ಮತಿಯ ಸಂಬಂಧವೂ ಅಲ್ಲಿ ಅಪರಾಧವಾಗಿತ್ತು. ಹೋಬಾರ್ಟಿನ ನಿಕೊಲಸ್ ಟೂನೆನ್ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರಿತ್ತರು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ತಾರತಮ್ಯಕ್ಕೆ ಆಧಾರವಾಗಕೂಡದ ಸಂಗತಿಗಳನ್ನು ಪಟ್ಟಿ ಮಾಡಿ, ಕೊನೆಗೆ ‘ಇತರ ಸ್ಥಾನಮಾನ’ ಎಂದು ಬಾಯಿ ತೆರೆದಿಟ್ಟಿದೆ. ಲೈಂಗಿಕ ಒಲವು ಈ ‘ಇತರ’ದೊಳಗೆ ಬರುತ್ತದೆಯೇ ಎಂದು ಆಸ್ಟ್ರೇಲಿಯಾ ಸರ್ಕಾರವೇ ಕೇಳಿತು. 1994ರ ಮಾರ್ಚ್ 31ರ ನಿರ್ಧಾರದಲ್ಲಿ ಸಮಿತಿ ಆ ಪ್ರಶ್ನೆಯ ಗೊಡವೆಗೆ ಹೋಗದೆ, ಪಟ್ಟಿಯಲ್ಲಿರುವ ‘ಲಿಂಗ’ ಎಂಬ ಪದದಲ್ಲೇ ಲೈಂಗಿಕ ಒಲವೂ ಅಡಕವಾಗಿದೆ ಎಂದಿತು. ಕಾನೂನು ಖಾಸಗಿತನದ ಹಕ್ಕನ್ನು ಉಲ್ಲಂಘಿಸುತ್ತದೆ ಎಂಬುದು ಅದರ ತೀರ್ಮಾನ. 1997ರಲ್ಲಿ ಟಾಸ್ಮೇನಿಯಾ ಆ ಕಾನೂನನ್ನು ರದ್ದುಮಾಡಿತು.

ಹೊಸ ಒಪ್ಪಂದವಿಲ್ಲದೆ ಹಳೆಯ ಪದಕ್ಕೇ ಹೊಸ ಅರ್ಥ ಬಂದಿತ್ತು. 2006ರ ನವೆಂಬರಿನಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಕಲೆತ ತಜ್ಞರು ಲೈಂಗಿಕ ಒಲವು ಮತ್ತು ಲಿಂಗತ್ವ ಗುರುತಿನ ಬಗ್ಗೆ ರೂಪಿಸಿದ 29 ತತ್ವಗಳ ಜಾಡೂ ಇದೇ. ಯಾವ ರಾಷ್ಟ್ರವೂ ಅವಕ್ಕೆ ಸಹಿ ಹಾಕಿಲ್ಲ; ಆದರೂ ನ್ಯಾಯಾಲಯಗಳು ಅವುಗಳ ನೆರವು ಪಡೆದವು. ವಿಶ್ವಸಂಸ್ಥೆಯಲ್ಲಿ ಮಾತ್ರ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಈ ವಿಷಯಕ್ಕೆ ಸ್ವತಂತ್ರ ತಜ್ಞರನ್ನು ನೇಮಿಸುವ 2016ರ ನಿರ್ಣಯ ಮಾನವ ಹಕ್ಕುಗಳ ಮಂಡಳಿಯಲ್ಲಿ 23–18 ಮತಗಳಿಂದ ಗೆದ್ದಿತು. ದೂರ ಉಳಿದ ಆರು ದೇಶಗಳಲ್ಲಿ ಭಾರತವೂ ಒಂದು.

ಹವಾನಾದ ಮೇಜು

ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವಿನ ಅರ್ಧ ಶತಮಾನದ ಕದನ ನಿಲ್ಲಿಸಲು ಕ್ಯೂಬಾದ ಹವಾನಾದಲ್ಲಿ ಮಾತುಕತೆ ನಡೆದಿತ್ತು. 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ಲಿಂಗತ್ವ ಉಪಸಮಿತಿಯೊಂದು ಹುಟ್ಟಿತು. ಮಹಿಳಾ ಸಂಘಟನೆಗಳಷ್ಟೇ ಅಲ್ಲ, ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳೂ ಮೇಜಿನೆದುರು ಮಾತಾಡಿದವು. ಭೂಸುಧಾರಣೆ, ರಾಜಕೀಯ ಭಾಗವಹಿಸುವಿಕೆ, ಸಂತ್ರಸ್ತರ ಹಕ್ಕು ಎಲ್ಲದರಲ್ಲೂ ‘ಲಿಂಗತ್ವ ದೃಷ್ಟಿ’ ಎಂಬ ಮಾತು ಹರಡಿಕೊಂಡಿತು.

ಅಷ್ಟರಲ್ಲಿ, 2016ರ ಆಗಸ್ಟಿನಲ್ಲಿ, ಲೈಂಗಿಕ ವೈವಿಧ್ಯದ ಬಗೆಗಿನ ಶಾಲಾ ಕೈಪಿಡಿಯೊಂದನ್ನು ವಿರೋಧಿಸಿ ಕೊಲಂಬಿಯಾದ ನಗರಗಳಲ್ಲಿ ದೊಡ್ಡ ಮೆರವಣಿಗೆಗಳು ನಡೆದವು. ಆ ಸಿಟ್ಟು ನೇರವಾಗಿ ಒಪ್ಪಂದದ ಕಡೆ ತಿರುಗಿತು. ‘ಲಿಂಗತ್ವ ಸಿದ್ಧಾಂತ’ ಕುಟುಂಬವನ್ನು ಒಡೆಯುತ್ತದೆ ಎಂಬ ಪ್ರಚಾರ ಇವ್ಯಾಂಜೆಲಿಕಲ್ ಚರ್ಚುಗಳಲ್ಲೂ ಸಂಪ್ರದಾಯವಾದಿ ವಲಯಗಳಲ್ಲೂ ಬಲವಾಯಿತು. ಅಕ್ಟೋಬರ್ 2ರ ಜನಮತಗಣನೆಯಲ್ಲಿ ಒಪ್ಪಂದ ಬಿದ್ದಿತು: ಬೇಡವೆಂದವರು ಶೇ. 50.2, ಬೇಕೆಂದವರು ಶೇ. 49.8. ಮತ ಹಾಕಿದವರೇ ಶೇ. 38ಕ್ಕಿಂತ ಕಡಿಮೆ. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಬಂಡುಕೋರರಿಗೆ ಸಿಗುವ ರಿಯಾಯಿತಿಯ ಬಗ್ಗೆ ಅಸಮಾಧಾನವಿತ್ತು. ಆದರೂ ನವೆಂಬರ್ 24ರಂದು ಸಹಿ ಬಿದ್ದ ಪರಿಷ್ಕೃತ ಪಠ್ಯದ ಹಲವು ಕಡೆ ‘ಲಿಂಗತ್ವ’ ಇದ್ದಲ್ಲಿ ‘ಸ್ತ್ರೀ ಪುರುಷ ಸಮಾನತೆ’ ಬಂತು. ಬರೆಯಿಸಿಕೊಂಡು ಬಂದ ‘ಮಹಿಳೆ’ ಉಳಿದಳು. ಅರ್ಥದ ಬಲದಿಂದ ಬಂದವರು ಹಿಂದಕ್ಕೆ ಸರಿದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಒಪ್ಪಂದದಿಂದ ಹುಟ್ಟಿದ ಶಾಂತಿಯ ವಿಶೇಷ ನ್ಯಾಯವ್ಯವಸ್ಥೆ 2023ರ ಸೆಪ್ಟೆಂಬರಿನಲ್ಲಿ ಹನ್ನೊಂದನೆಯ ಬೃಹತ್ ಪ್ರಕರಣ ತೆರೆಯಿತು. ಮಹಿಳೆಯರ ಮೇಲಿನ ಲೈಂಗಿಕ ಹಿಂಸೆಯ ಜೊತೆಗೆ, ಲೈಂಗಿಕ ಒಲವಿನ ಕಾರಣಕ್ಕೇ ಗುರಿಯಾದವರ ಮೇಲಿನ ಅಪರಾಧಗಳೂ ಅದರ ವ್ಯಾಪ್ತಿಗೆ ಬಂದವು. ಸಂಧಾನದ ಮೇಜಿನಲ್ಲಿ ತೆಳುವಾದದ್ದನ್ನು ನ್ಯಾಯಪೀಠ ಮತ್ತೆ ಓದಿ ತುಂಬಿಕೊಟ್ಟಿತು.

‘ಇತರೆ’ ಎಂಬ ಅಂಕಣ

ನಮ್ಮಲ್ಲೂ ಬಾಗಿಲು ತೆರೆದದ್ದು ಅರ್ಥವಿವರಣೆಯೇ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಯೋಗ್ಯಕರ್ತ ತತ್ವಗಳನ್ನು ಆಧರಿಸಿ, ಸಂವಿಧಾನದ ‘ಲಿಂಗ’ ಎಂಬ ಪದದಲ್ಲಿ ಲಿಂಗತ್ವ ಗುರುತೂ ಸೇರುತ್ತದೆ ಎಂದಿತು. ಹೈಕೋರ್ಟಿನಲ್ಲಿ ಪ್ರಕರಣ ನಡೆಯುತ್ತಿರುವಾಗಲೇ 2021ರಲ್ಲಿ ಕರ್ನಾಟಕ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 1ರ ಸಮತಲ ಮೀಸಲಾತಿ ಕೊಟ್ಟಿತು. ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬೆರಡರ ಪಕ್ಕ ‘ಇತರೆ’ ಎಂಬ ಅಂಕಣವೂ ಬಂತು. ಟೂನೆನ್ ಪ್ರಕರಣದಲ್ಲಿ ಸಮಿತಿ ಬದಿಗಿಟ್ಟ ಪದ ಇಲ್ಲಿ ಹುದ್ದೆಯೊಂದಕ್ಕೆ ದಾರಿಯಾಯಿತು. ಮುಂದಿನ ಪ್ರಶ್ನೆ ಹಂಸಾ ಮೆಹ್ತಾ ಎತ್ತಿದ್ದೇ: ಹೆಸರು ಹಿಡಿದು ಕರೆಯಿಸಿಕೊಳ್ಳಬೇಕಾದವರು ‘ಇತರೆ’ಯಾಗಿ ಎಷ್ಟು ಕಾಲ ಕಾಯಬೇಕು?