ಟಿಂಬಕ್ಟುವಿನ ಹಸ್ತಪ್ರತಿಗಳು

ಟಿಂಬಕ್ಟು ಎಂಬ ಹೆಸರನ್ನು ಅನೇಕರು ಕೇಳಿರಬಹುದು. ಆದರೆ ಅದು ಎಲ್ಲಿದೆಯೆಂದು ಕೇಳಿದರೆ ಉತ್ತರ ಹೇಳುವವರು ಕಡಮೆ. ಇಂಗ್ಲಿಷ್ ಮಾತಿನಲ್ಲಿ ಅದು ಯಾರೂ ಮುಟ್ಟಲಾರದ ದೂರದ ಊರಿನ ಹೆಸರಾಗಿಬಿಟ್ಟಿದೆ. ಅದು ಬರಿಯ ಕಲ್ಪನೆಯ ಊರೆಂದು ತಿಳಿದವರೂ ಉಂಟು. ವಾಸ್ತವವಾಗಿ ಅದು ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿ, ನೈಜರ್ ಮಹಾನದಿಗೆ ಕೆಲವೇ ಮೈಲಿಗಳ ದೂರದಲ್ಲಿ ಇಂದಿಗೂ ಇರುವ ಪಟ್ಟಣ. ಮಣ್ಣಿನ ಗೋಡೆಯ ಮನೆಗಳು, ಮಣ್ಣಿನಿಂದಲೇ ಕಟ್ಟಿದ ಮಸೀದಿಗಳು, ಮರಳು ತುಂಬಿದ ಬೀದಿಗಳು: ಹೊರಗಿನಿಂದ ಬಂದವನ ಕಣ್ಣಿಗೆ ಬೀಳುವುದು ಇಷ್ಟೆ. ಆದರೆ ಆ ಮನೆಗಳೊಳಗೆ, ತೊಗಲಿನ ಹೊದಿಕೆಗಳಲ್ಲಿ, ಮರದ ಪೆಟ್ಟಿಗೆಗಳಲ್ಲಿ, ಶತಮಾನಗಳಿಂದ ಕೂಡಿಟ್ಟ ಲಕ್ಷಾಂತರ ಬರಹದ ಹಾಳೆಗಳಿದ್ದುವು. 2012ರಲ್ಲಿ ಆ ಊರು ಶಸ್ತ್ರಧಾರಿಗಳ ಕೈಗೆ ಸಿಕ್ಕಿದಾಗ ಆ ಹಾಳೆಗಳಿಗೆ ಏನಾಯಿತು, ಅವುಗಳಲ್ಲಿ ಎಷ್ಟು ಉಳಿದುವು, ಹೊಸ ಕಾಲದ ಡಿಜಿಟಲ್ ಛಾಯಾಗ್ರಹಣದಿಂದ ಅವುಗಳಿಗೆ ಎಂತಹ ರಕ್ಷಣೆ ದೊರಕಿತು ಎಂಬುದನ್ನು ಇಲ್ಲಿ ನೋಡೋಣ.

ಟಿಂಬಕ್ಟು ಹುಟ್ಟಿದ್ದು ಸುಮಾರು ಕ್ರಿ. ಶ. 1100ರಲ್ಲಿ. ಮರುಭೂಮಿಯ ತುವಾರೆಗ್ ಜನ ಬೇಸಗೆಯಲ್ಲಿ ಬಂದು ಬಿಡಾರ ಹೂಡುತ್ತಿದ್ದ ತಾಣ ಅದು. ಉತ್ತರದಿಂದ ಒಂಟೆಗಳ ಮೇಲೆ ಉಪ್ಪು ಬರುತ್ತಿತ್ತು. ದಕ್ಷಿಣದಿಂದ ದೋಣಿಗಳಲ್ಲಿ ಚಿನ್ನ ಬರುತ್ತಿತ್ತು. ಎರಡೂ ಸಂಧಿಸುವ ಸ್ಥಳದಲ್ಲಿ ಸಂತೆ ಬೆಳೆಯಿತು, ಸಂತೆಯಿಂದ ಊರು ಬೆಳೆಯಿತು. 1324ರಲ್ಲಿ ಮಕ್ಕಾ ಯಾತ್ರೆಗೆ ಹೋದ ಮಾಲಿಯ ದೊರೆ ಮಾನ್ಸಾ ಮೂಸಾ ದಾರಿಯುದ್ದಕ್ಕೂ ಚಿನ್ನವನ್ನು ದಾನಮಾಡಿದ ಕಥೆ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆತನ ಕಾಲದಲ್ಲಿ ಕಟ್ಟಿದ ಜಿಂಗರೇಬೇರ್ ಮಸೀದಿ ಈಗಲೂ ನಿಂತಿದೆ. ಮುಂದೆ ಸಂಕೋರೆ ಮಸೀದಿಯ ಸುತ್ತ ವಿದ್ವಾಂಸರು ನೆಲಸಿದರು. ನಮ್ಮಲ್ಲಿ ಗುರುವಿನ ಮನೆಯೇ ಪಾಠಶಾಲೆಯಾಗಿದ್ದಂತೆ ಅಲ್ಲಿಯೂ ವಿದ್ವಾಂಸನ ಮನೆಯ ಜಗುಲಿಯೇ ಶಾಲೆ, ಅವನ ಪುಸ್ತಕಗಳೇ ಗ್ರಂಥಾಲಯ. ಹದಿನಾರನೆಯ ಶತಮಾನದ ಆದಿಯಲ್ಲಿ ಅಲ್ಲಿಗೆ ಹೋಗಿದ್ದ ಲಿಯೋ ಆಫ್ರಿಕಾನಸ್ ಎಂಬ ಪ್ರವಾಸಿ, ಆ ಊರಿನ ಪೇಟೆಯಲ್ಲಿ ಬೇರಾವ ಸರಕಿಗಿಂತಲೂ ಪುಸ್ತಕಕ್ಕೆ ಹೆಚ್ಚು ಲಾಭ ಬರುತ್ತಿತ್ತೆಂದು ತಿಳಿಸಿದ್ದಾನೆ.

ಆ ವೈಭವಕ್ಕೆ ಮೊದಲ ಪೆಟ್ಟು ಬಿದ್ದದ್ದು 1591ರಲ್ಲಿ. ಮೊರಾಕ್ಕೊ ಸುಲ್ತಾನನ ಸೈನ್ಯ ಮರುಭೂಮಿಯನ್ನು ದಾಟಿ ಬಂದು, ಬಂದೂಕುಗಳ ಬಲದಿಂದ ಸೊಂಘಾಯ್ ರಾಜ್ಯವನ್ನು ಮುರಿಯಿತು. ಎರಡು ವರ್ಷಗಳ ಅನಂತರ ಊರಿನ ಪಂಡಿತರನ್ನು ಸೆರೆಹಿಡಿದು, ಮರಳುಗಾಡಿನ ಮೂಲಕ ಮರಾಕೆಷ್ ನಗರಕ್ಕೆ ಸಾಗಿಸಿದರು. ಅವರಲ್ಲಿ ಅಹ್ಮದ್ ಬಾಬಾ ಎಂಬ ಧರ್ಮಶಾಸ್ತ್ರಜ್ಞನೂ ಒಬ್ಬ. ತನ್ನ 1,600 ಗ್ರಂಥಗಳು ಸೂರೆಯಾದುವೆಂದೂ, ಬಂಧುಗಳ ಭಂಡಾರಗಳಿಗೆ ಹೋಲಿಸಿದರೆ ತನ್ನದು ಚಿಕ್ಕದೆಂದೂ ಆತ ಹೇಳಿದನಂತೆ. 1608ರಲ್ಲಿ ಆತನಿಗೆ ಊರಿಗೆ ಮರಳಲು ಅಪ್ಪಣೆ ದೊರಕಿತು. 1627ರಲ್ಲಿ ಅಲ್ಲಿಯೇ ತೀರಿಕೊಂಡ. ಸೂರೆಹೋದ ಆ ಪುಸ್ತಕಗಳ ಪೈಕಿ ಎಷ್ಟಕ್ಕೆ ಬೇರೆ ಕಡೆ ನಕಲುಗಳಿದ್ದುವೋ ಅಷ್ಟು ಮಾತ್ರ ಲೋಕಕ್ಕೆ ಉಳಿದುವು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ನಾಲ್ಕು ಶತಮಾನಗಳ ಮೇಲೂ ಪ್ರಶ್ನೆ ಇದೇ ಆಗಿತ್ತು.

ಆ ಪೆಟ್ಟಿನ ಅನಂತರ ಟಿಂಬಕ್ಟುವಿನ ಜನ ಒಂದು ಪಾಠ ಕಲಿತರು. ಪುಸ್ತಕಗಳನ್ನು ಒಂದೆಡೆ ಕೂಡಿಡದೆ ಮನೆಮನೆಗಳಲ್ಲಿ ಹಂಚಿಟ್ಟರು. ತಂದೆಯಿಂದ ಮಗನಿಗೆ ಆಸ್ತಿಯ ಜೊತೆಗೆ ಪುಸ್ತಕದ ಪೆಟ್ಟಿಗೆಯೂ ಬರುತ್ತಿತ್ತು. 1894ರಲ್ಲಿ ಫ್ರೆಂಚರು ಊರನ್ನು ಹಿಡಿದಾಗ ಎಷ್ಟೋ ಮನೆತನಗಳು ತಮ್ಮ ಗ್ರಂಥಗಳನ್ನು ಮರಳಿನಲ್ಲಿ ಹೂತಿಟ್ಟುವು, ಕೆಲವರು ಗೋಡೆಗಳ ನಡುವೆ ಅಡಗಿಸಿದರು. ಈ ಹಸ್ತಪ್ರತಿಗಳಲ್ಲಿ ಬಹುಪಾಲು ಹೊಲಿಗೆಯಿಲ್ಲದ ಬಿಡಿಹಾಳೆಗಳು. ತೊಗಲಿನ ಹೊದಿಕೆಯಲ್ಲಿ ಸುತ್ತಿ ದಾರದಿಂದ ಕಟ್ಟಿದವು. ಭಾಷೆ ಹೆಚ್ಚಾಗಿ ಅರಬ್ಬಿ. ಸೊಂಘಾಯ್, ಫುಲಾನಿ, ತಮಾಷೆಕ್ ಮೊದಲಾದ ದೇಶಭಾಷೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದದ್ದೂ ಉಂಟು. ಧರ್ಮಶಾಸ್ತ್ರ, ವ್ಯಾಕರಣ, ಖಗೋಳ, ವೈದ್ಯ, ಕಾವ್ಯ. ಇವಲ್ಲದೆ ಸಾಲಪತ್ರ, ಮದುವೆಯ ಕರಾರು, ವರ್ತಕರ ಕಾಗದ ಎಲ್ಲವೂ ಇವೆ. ಆಫ್ರಿಕದವರಿಗೆ ಬರೆದಿಟ್ಟ ಚರಿತ್ರೆಯೇ ಇಲ್ಲವೆಂದು ಒಂದು ಕಾಲದಲ್ಲಿ ಪಾಶ್ಚಾತ್ಯ ವಿದ್ವಾಂಸರು ಹೇಳುತ್ತಿದ್ದರು. ಆ ಮಾತಿಗೆ ಈ ಹಾಳೆಗಳಿಗಿಂತ ಬೇರೆ ಉತ್ತರ ಬೇಕಿಲ್ಲ.

ಮಾಲಿ 1960ರಲ್ಲಿ ಸ್ವತಂತ್ರವಾಯಿತು. ಯುನೆಸ್ಕೋ ಪ್ರೇರಣೆಯಿಂದ 1973ರಲ್ಲಿ ಅಹ್ಮದ್ ಬಾಬಾ ಹೆಸರಿನಲ್ಲಿ ಒಂದು ಸಂಶೋಧನ ಕೇಂದ್ರ ಟಿಂಬಕ್ಟುವಿನಲ್ಲಿ ಸ್ಥಾಪನೆಯಾಯಿತು. ಅಬ್ದೆಲ್ ಕಾದರ್ ಹೈದರಾ ಎಂಬ ತರುಣ 1984ರಲ್ಲಿ ಆ ಕೇಂದ್ರಕ್ಕೆ ಸೇರಿ, ಒಂಟೆಯ ಮೇಲೆ, ದೋಣಿಯ ಮೇಲೆ ಹಳ್ಳಿಹಳ್ಳಿಗೆ ಹೋಗಿ ಹಸ್ತಪ್ರತಿಗಳನ್ನು ಸಂಗ್ರಹಿಸತೊಡಗಿದರು. ಗೆದ್ದಲು ಹಿಡಿದು, ಮಳೆಯಲ್ಲಿ ತೊಯ್ದು ಹಾಳಾಗುತ್ತಿದ್ದುವನ್ನು ತಂದು ಉಳಿಸಿದರು. ತಮ್ಮ ಮನೆತನದ ಗ್ರಂಥಗಳಿಗಾಗಿ 2000ದಲ್ಲಿ ತಂದೆಯ ಹೆಸರಿನಲ್ಲಿ ಒಂದು ಗ್ರಂಥಾಲಯವನ್ನು ತೆರೆದರು. ಉಳಿದ ಮನೆತನಗಳೂ ಅದೇ ಹಾದಿ ಹಿಡಿದುವು. 2009ರಲ್ಲಿ ದಕ್ಷಿಣ ಆಫ್ರಿಕದ ನೆರವಿನಿಂದ ಅಹ್ಮದ್ ಬಾಬಾ ಸಂಸ್ಥೆಗೆ ವಿಶಾಲವಾದ ಹೊಸ ಕಟ್ಟಡ ಬಂದಿತು. ಡಿಜಿಟಲ್ ಚಿತ್ರ ತೆಗೆಯುವ ಕೆಲಸವೂ ಆರಂಭವಾಗಿತ್ತು, ಆದರೆ ನಿಧಾನವಾಗಿ. ಶಾಂತಿಯ ದಿನಗಳಲ್ಲಿ ಯಾರಿಗೂ ಅವಸರವಿರುವುದಿಲ್ಲ.

2012ರ ಮಾರ್ಚಿಯಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಸೈನಿಕ ಕ್ರಾಂತಿಯಾಯಿತು. ಏಪ್ರಿಲ್ 1ರಂದು ಟಿಂಬಕ್ಟು ಬಂಡುಕೋರರ ವಶವಾಯಿತು. ಬೇಗನೆ ಅನ್ಸಾರ್ ದೀನ್ ಎಂಬ ಉಗ್ರ ಪಂಗಡ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಜೂನ್ ತಿಂಗಳ ಕೊನೆಯಲ್ಲಿ ಅವರು ಊರಿನ ಸಂತರ ಗೋರಿಗಳನ್ನು ಹಾರೆ ಪಿಕಾಸಿಗಳಿಂದ ಒಡೆಯಲಾರಂಭಿಸಿದರು. ವಿಶ್ವಪರಂಪರೆಯ ಪಟ್ಟಿಯಲ್ಲಿದ್ದ 16 ಗೋರಿಗಳಲ್ಲಿ 14 ನೆಲಸಮವಾದುವು. ಆ ಸಂತರನ್ನು ಊರಿನ ಮುಸಲ್ಮಾನರೇ ತಲೆಮಾರುಗಳಿಂದ ಗೌರವಿಸುತ್ತ ಬಂದಿದ್ದರೆಂಬುದನ್ನು ಮರೆಯಬಾರದು. ಗೋರಿಗಳ ಪಾಡು ಹೀಗಾದ ಮೇಲೆ ಗ್ರಂಥಗಳ ಗತಿಯೇನು?

ಹೈದರಾ ಮತ್ತು ಅವರ ಸಂಗಡಿಗರು ಅಷ್ಟರಲ್ಲಿಯೇ ಕೆಲಸಕ್ಕೆ ತೊಡಗಿದ್ದರು. ಪೇಟೆಯಲ್ಲಿ ಸಿಕ್ಕಿದ ತಗಡಿನ ಟ್ರಂಕುಗಳನ್ನೆಲ್ಲ ಕೊಂಡರು. ರಾತ್ರಿಯ ಹೊತ್ತು ಗ್ರಂಥಾಲಯಗಳಲ್ಲಿ ಟಾರ್ಚಿನ ಬೆಳಕಿನಲ್ಲಿ ಹಸ್ತಪ್ರತಿಗಳನ್ನು ಟ್ರಂಕುಗಳಿಗೆ ತುಂಬಿ, ಕತ್ತೆಗಾಡಿಗಳ ಮೇಲೆ ನೆಂಟರಿಷ್ಟರ ಮನೆಗಳಿಗೆ ಸಾಗಿಸಿದರು. ಕೆಲವು ತಿಂಗಳ ಮೇಲೆ ಅವು ಮೋಟಾರುಗಳಲ್ಲಿ, ಮುಂದೆ ರಸ್ತೆಗಳು ಮುಚ್ಚಿದಾಗ ನೈಜರ್ ನದಿಯ ದೋಣಿಗಳಲ್ಲಿ, ಸುಮಾರು ಸಾವಿರ ಕಿಲೋಮೀಟರು ದೂರದ ಬಮಾಕೊ ಸೇರಿದುವು. ದಾರಿಯಲ್ಲಿ ಬಂಡುಕೋರರ ಕಾವಲು, ಸರ್ಕಾರಿ ಸೈನಿಕರ ತಪಾಸಣೆ, ದರೋಡೆಕೋರರ ಭಯ ಎಲ್ಲವೂ ಇದ್ದುವು. ಹೀಗೆ ಸಾಗಿಸಿದ ಹಸ್ತಪ್ರತಿಗಳು ಮೂರೂವರೆ ಲಕ್ಷಕ್ಕೂ ಮಿಗಿಲೆಂದು ಅವರ ಲೆಕ್ಕ. ಈ ಸಂಖ್ಯೆಯನ್ನು ಪ್ರಶ್ನಿಸಿದವರೂ ಇದ್ದಾರೆ. ಸಂಖ್ಯೆ ಏನೇ ಇರಲಿ, ಚಾಲಕರು, ಅಂಬಿಗರು, ಹುಡುಗರು ಜೀವದ ಹಂಗು ತೊರೆದು ಈ ಕೆಲಸ ಮಾಡಿದರೆಂಬುದರಲ್ಲಿ ಸಂಶಯವಿಲ್ಲ.

2013ರ ಜನವರಿ 28ರಂದು ಫ್ರೆಂಚ್ ಮತ್ತು ಮಾಲಿ ಸೈನ್ಯಗಳು ಟಿಂಬಕ್ಟುವನ್ನು ಪ್ರವೇಶಿಸಿದುವು. ಓಡಿಹೋಗುವ ಮೊದಲು ಉಗ್ರರು ಅಹ್ಮದ್ ಬಾಬಾ ಸಂಸ್ಥೆಯ ಹೊಸ ಕಟ್ಟಡಕ್ಕೆ ನುಗ್ಗಿ, ದುರಸ್ತಿಯ ಕೋಣೆಗಳಲ್ಲಿದ್ದ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿ ಬೆಂಕಿಯಿಟ್ಟಿದ್ದರು. ಇಡೀ ಭಂಡಾರವೇ ಸುಟ್ಟುಹೋಯಿತೆಂಬ ಸುದ್ದಿ ಮೊದಲು ಲೋಕದಲ್ಲೆಲ್ಲ ಹರಡಿತು. ವಿಚಾರಿಸಿ ನೋಡಿದಾಗ, ನಾಶವಾದುವು ಸುಮಾರು 4,200 ಎಂದು ತಿಳಿಯಿತು. ಅದೇ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಉಗ್ರರ ಕಣ್ಣಿಗೆ ಬೀಳದೆ ಉಳಿದಿದ್ದುವು. ಆದರೆ ಸಂಸ್ಥೆಯ ಸಂಗ್ರಹದಲ್ಲಿ ಅಲ್ಪಭಾಗಕ್ಕೆ ಮಾತ್ರ ಅದುವರೆಗೆ ಡಿಜಿಟಲ್ ಚಿತ್ರಗಳು ಸಿದ್ಧವಾಗಿದ್ದುವು. ಚಿತ್ರವೂ ಇಲ್ಲದೆ, ಬೇರೆ ನಕಲೂ ಇಲ್ಲದೆ ಸುಟ್ಟ ಹಾಳೆಯಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು. ಅಹ್ಮದ್ ಬಾಬಾನ ಕಾಲದಲ್ಲಿ ಆದ ನಷ್ಟವೇ ಮತ್ತೊಮ್ಮೆ, ಆತನ ಹೆಸರಿನ ಮನೆಯಲ್ಲಿಯೇ ಆಯಿತು.

ಡಿಜಿಟಲ್ ಚಿತ್ರವೆಂದರೇನು? ಕ್ಯಾಮರಾ ಹಾಳೆಯ ರೂಪವನ್ನು ಲಕ್ಷಾಂತರ ಸೂಕ್ಷ್ಮ ಚುಕ್ಕೆಗಳಾಗಿ ವಿಂಗಡಿಸಿ, ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಕಾಂತಿಯನ್ನೂ ಅಂಕಿಗಳಲ್ಲಿ ದಾಖಲು ಮಾಡುತ್ತದೆ. ಫಿಲ್ಮಿನಿಂದ ಫಿಲ್ಮಿಗೆ ನಕಲು ತೆಗೆದಾಗ ಪ್ರತಿ ಸಲವೂ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಅಂಕಿಗಳನ್ನು ತಪ್ಪಿಲ್ಲದೆ ನಕಲು ಮಾಡಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಹಳೆಯ ಹಾಳೆಯನ್ನು ಗಾಜಿನ ಕೆಳಗೆ ಒತ್ತುವಂತಿಲ್ಲ, ಮುರಿದೀತು. ಆದುದರಿಂದ ಕ್ಯಾಮರಾವನ್ನು ಕೆಳಮುಖವಾಗಿ ಕಂಬಕ್ಕೆ ಬಿಗಿದು, ಎರಡು ಪಕ್ಕಗಳಿಂದ ಸಮನಾದ ಬೆಳಕು ಬೀಳಿಸಿ, ಹಾಳೆಯನ್ನು ಮೇಜಿನ ಮೇಲೆ ಮೆಲ್ಲನೆ ಹರಡಿ ಚಿತ್ರ ತೆಗೆಯುತ್ತಾರೆ. ಬಣ್ಣಗಳ ಒಂದು ಪಟ್ಟಿಯನ್ನೂ ಅಳತೆಯ ಕೋಲನ್ನೂ ಜೊತೆಗಿಡುತ್ತಾರೆ. ಕೆಂಪು ಶಾಯಿ ಯಾವುದು, ಹಾಳೆಯ ನಿಜವಾದ ಗಾತ್ರವೆಷ್ಟು ಎಂಬುದು ಮುಂದೆ ನೋಡುವವರಿಗೆ ತಿಳಿಯಬೇಕಷ್ಟೆ. ಅಂಚಿನಲ್ಲಿ ಓದುಗರು ಬರೆದ ಟಿಪ್ಪಣಿಗಳನ್ನೂ ಬಿಡುವುದಿಲ್ಲ. ಕೊನೆಗೆ ಪ್ರತಿ ಕಟ್ಟಿಗೂ ಸಂಖ್ಯೆ ಕೊಟ್ಟು, ಕರ್ತೃ, ಗ್ರಂಥ, ವಿಷಯಗಳನ್ನು ಬರೆಯಬೇಕು. ಈ ಪಟ್ಟಿಯಿಲ್ಲದಿದ್ದರೆ ಚಿತ್ರ ಇದ್ದೂ ಇಲ್ಲದಂತೆ.

ಯುದ್ಧದ ಭಯದಿಂದ ಗ್ರಂಥಗಳ ಚಿತ್ರ ತೆಗೆದಿಡುವ ಯೋಚನೆ ಡಿಜಿಟಲ್ ಕಾಲಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಗ್ರಂಥಭಂಡಾರಗಳಿಗೆ ಆದ ಹಾನಿಯನ್ನು ಕಂಡ ಅಮೆರಿಕದ ಮಿನಸೋಟ ಪ್ರಾಂತದ ಬೆನೆಡಿಕ್ಟೈನ್ ಸಂನ್ಯಾಸಿಗಳು 1965ರಲ್ಲಿ ಆಸ್ಟ್ರಿಯದ ಮಠಗಳ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮಿನಲ್ಲಿ ಇಳಿಸತೊಡಗಿದರು. 1970ರ ದಶಕದಲ್ಲಿ ಇಥಿಯೋಪಿಯದಲ್ಲಿ ಕ್ರಾಂತಿ, ಅಂತರ್ಯುದ್ಧಗಳ ನಡುವೆಯೂ ಆ ಕೆಲಸ ನಡೆಯಿತು. ಅಲ್ಲಿ ಫಿಲ್ಮಿಗೆ ಇಳಿದ ಕೆಲವು ಗ್ರಂಥಗಳ ಮೂಲಪ್ರತಿ ಈಗ ಎಲ್ಲಿಯೂ ಸಿಕ್ಕುವುದಿಲ್ಲ. ಇಂದು ಹಿಲ್ ಮ್ಯೂಸಿಯಂ ಎಂದು ಹೆಸರಾದ ಅದೇ ಸಂಸ್ಥೆ, 2013ರಿಂದ ಬಮಾಕೊದಲ್ಲಿ ಹೈದರಾ ಅವರ ಸಂಘದೊಡನೆ ಕೂಡಿ, ಟಿಂಬಕ್ಟುವಿನ ಹಸ್ತಪ್ರತಿಗಳ ಚಿತ್ರ ತೆಗೆಯುವ ಕಾರ್ಯವನ್ನು ಕೈಗೊಂಡಿತು. ಕ್ರೈಸ್ತ ಸಂನ್ಯಾಸಿಗಳ ಮಠದಿಂದ ಬಂದ ನೆರವು ಇಸ್ಲಾಮಿ ವಿದ್ಯೆಯ ಗ್ರಂಥಗಳಿಗೆ ಒದಗಿತೆಂಬುದು ಮೆಚ್ಚತಕ್ಕ ಸಂಗತಿ. ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದವರು ಹಾಳೆಗಳ ದುರಸ್ತಿಗೂ ಸಂರಕ್ಷಣೆಗೂ ಕೈಜೋಡಿಸಿದರು. 2022ರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪುಟಗಳು ಗೂಗಲ್ ಸಂಸ್ಥೆಯ ಮೂಲಕ ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುವಂತಾದುವು. ಮೈಸೂರಿನಲ್ಲೋ ಧಾರವಾಡದಲ್ಲೋ ಮನೆಯಲ್ಲಿ ಕುಳಿತ ವಿದ್ಯಾರ್ಥಿಯೂ ಈಗ ಆ ಪುಟಗಳನ್ನು ನೋಡಬಹುದು.

ಹಾಗಾದರೆ ಇನ್ನು ಭಯವಿಲ್ಲವೆ? ಚಿತ್ರವಿದ್ದರೆ ಮೂಲ ಹೋದರೂ ಚಿಂತೆಯಿಲ್ಲವೆ? ಹಾಗೆನ್ನುವಂತಿಲ್ಲ. ಕಾಗದ ಯಾವ ಊರಿನದು, ಶಾಯಿಯನ್ನು ಯಾವ ಮರದ ತೊಗಟೆಯಿಂದ ಮಾಡಿದರು, ತೊಗಲಿನ ವಯಸ್ಸೆಷ್ಟು ಎಂಬುದನ್ನು ಚಿತ್ರದಿಂದ ಪೂರ್ಣವಾಗಿ ತಿಳಿಯಲಾಗದು. ಅದಕ್ಕೆ ಹಾಳೆಯೇ ಬೇಕು. ಚಿತ್ರಗಳನ್ನಿಟ್ಟ ಯಂತ್ರಗಳೂ ಚಿರಂಜೀವಿಗಳಲ್ಲ. ಕೆಲವು ವರ್ಷಗಳಲ್ಲಿ ಅವು ಕೆಡುತ್ತವೆ, ಕಡತಗಳ ಮಾದರಿಗಳು ಹಳತಾಗುತ್ತವೆ. ಕಾಲಕಾಲಕ್ಕೆ ಹೊಸದಕ್ಕೆ ನಕಲು ಮಾಡುತ್ತಲೇ ಇರಬೇಕು, ದೂರದೂರದ ಊರುಗಳಲ್ಲಿ ಪ್ರತಿಗಳನ್ನು ಇಟ್ಟಿರಬೇಕು. ಮತ್ತೊಂದು ಪ್ರಶ್ನೆ ಒಡೆತನದ್ದು. ಮುತ್ತಜ್ಜನ ಗ್ರಂಥದ ಚಿತ್ರ ಪರದೇಶಕ್ಕೆ ಹೋದರೆ ಅದರ ಮೇಲಿನ ಹಕ್ಕು ಯಾರದು ಎಂದು ಆ ಮನೆತನದವರು ಕೇಳುವುದು ನ್ಯಾಯವೇ. ಮೂಲವೂ ಚಿತ್ರದ ಒಂದು ಪ್ರತಿಯೂ ಒಡೆಯನ ಕೈಯಲ್ಲಿಯೇ ಉಳಿಯುವಂತೆ ಕರಾರು ಮಾಡಿಕೊಂಡು ಕೆಲಸ ನಡೆಸಿದಲ್ಲಿ ಮಾತ್ರ ಪೆಟ್ಟಿಗೆಗಳು ತೆರೆದಾವು.

ನಮ್ಮ ನಾಡಿನ ಲಿಪಿಕಾರರೂ ಈ ರಹಸ್ಯವನ್ನು ಅರಿತಿದ್ದರು. ಓಲೆಯ ಗರಿ ಸವೆಯುತ್ತ ಬಂದಾಗ ಹೊಸ ಗರಿಯ ಮೇಲೆ ಪ್ರತಿ ಮಾಡಿ, ನೀರಿನಿಂದಲೂ ಎಣ್ಣೆಯಿಂದಲೂ ಕಾಪಾಡಿರೆಂದು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಒಂದು ಗ್ರಂಥ ಹಲವು ಊರುಗಳಲ್ಲಿ ಹಲವು ಪ್ರತಿಗಳಾಗಿ ಇದ್ದುದರಿಂದಲೇ ಎಷ್ಟೋ ಕಾವ್ಯಗಳು ನಮ್ಮ ಕೈ ಸೇರಿದುವು. ಕ್ಯಾಮರಾ ಆ ಲಿಪಿಕಾರನ ಕೆಲಸವನ್ನೇ ಬಹಳ ವೇಗದಿಂದ ಮಾಡುತ್ತದೆ. ಆದರೆ ಯಾವಾಗ ಮಾಡಬೇಕೆಂಬುದನ್ನು ನಿರ್ಧರಿಸುವವನು ಮನುಷ್ಯ.

ಟಿಂಬಕ್ಟುವಿನ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. ಒಡೆದ ಗೋರಿಗಳನ್ನು ಊರಿನ ಗಾರೆಕೆಲಸದವರೇ ಹಳೆಯ ಕ್ರಮದಲ್ಲಿ ಕಟ್ಟಿ 2015ರಲ್ಲಿ ಮುಗಿಸಿದರು. ಅವುಗಳನ್ನು ಒಡೆಯಿಸಿದವರಲ್ಲಿ ಒಬ್ಬನಿಗೆ ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2016ರಲ್ಲಿ ಒಂಬತ್ತು ವರ್ಷಗಳ ಸೆರೆಮನೆ ವಿಧಿಸಿತು. ಬಮಾಕೊದ ಹವೆ ತೇವದ ಹವೆ. ಮರುಭೂಮಿಯ ಒಣ ಗಾಳಿಗೆ ಒಗ್ಗಿದ ಹಾಳೆಗಳಿಗೆ ಅದು ಹಿಡಿಸುವುದಿಲ್ಲ. 2025ರ ಆಗಸ್ಟಿನಲ್ಲಿ ಅಹ್ಮದ್ ಬಾಬಾ ಸಂಸ್ಥೆಯ ಹಸ್ತಪ್ರತಿಗಳ ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಿಮಾನದಲ್ಲಿ ಟಿಂಬಕ್ಟುವಿಗೆ ಹಿಂದಿರುಗಿಸಿದರು. ಆಗಲೂ ಉತ್ತರ ಮಾಲಿಯಲ್ಲಿ ಹೋರಾಟ ನಿಂತಿರಲಿಲ್ಲ. ಚಿತ್ರ ತೆಗೆದ ಪುಟಕ್ಕೆ ಮುಂದೆ ಏನೇ ಆದರೂ ಅದರ ಮಾತು ಬೇರೆಡೆ ಉಳಿದಿರುತ್ತದೆ. ಇನ್ನೂ ಚಿತ್ರ ತೆಗೆಯದೆ ಉಳಿದ ಪುಟಕ್ಕೆ ಆ ಭರವಸೆಯಿಲ್ಲ.