ಹಳೆಯ ಗೆರೆ ಎಲ್ಲಿ ಹೋಯಿತು?

ಹೈದರಾಬಾದಿನ ಸನತ್‌ನಗರದ ಹೆಸರಲ್ಲಿರುವುದು ಉರ್ದುವಿನ ‘ಸನ್‌ಅತ್’, ಅಂದರೆ ಕೈಗಾರಿಕೆ. ಅದರ ಪಕ್ಕದ ಬಾಲಾನಗರದಲ್ಲಿ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. 2009ರ ಆಗಸ್ಟ್‌ನಲ್ಲಿ ಬಂದ ‘ಭುವನ್’ ನಕ್ಷೆ ತಾಣ ಅದರದೇ. ನಕ್ಷೆ ಹಾಳೆಯಿಂದ ಡೇಟಾಬೇಸಿಗೆ ಹೋದ ಕತೆಯನ್ನು ಈ ಊರಿನ ಹಾಳೆಗಳಿಂದಲೇ ಶುರುಮಾಡಬಹುದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ಮುಳುಗಿಸಿತು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಮೂಲ ಅಲ್ಲಿದೆ. ಮುಂದಿನ ಕೆಲವೇ ವರ್ಷಗಳಲ್ಲಿ ಲಿಯೊನಾರ್ಡ್ ಮನ್ ಒಂದೊಂದು ಮನೆಯೂ ಕಾಣುವಂತೆ ನಗರವನ್ನು ಅಳೆಸಿ, ನೂರಾರು ಹಾಳೆಗಳ ನಕ್ಷೆ ಮಾಡಿಸಿದರು.

ಹಾಳೆಯ ಕಷ್ಟ ಒಂದೇ. ಒಂದು ಪ್ರತಿಯಲ್ಲಿ ತಿದ್ದಿದ್ದು ಇನ್ನೊಂದು ಕಚೇರಿಯ ಪ್ರತಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಬಂದ ಮೇಲೂ ಇದು ತಪ್ಪಲಿಲ್ಲ. 1990ರ ದಶಕದ ಶೇಪ್‌ಫೈಲ್‌ಗಳು ಪೆನ್‌ಡ್ರೈವ್ ಹತ್ತಿ ‘ಫೈನಲ್’, ‘ಫೈನಲ್ 2’ ಎಂದು ಮರಿಹಾಕಿದ್ದನ್ನು ನೋಡಿದವರಿಗೆ ವಿವರಣೆ ಬೇಡ.

2001ರಲ್ಲಿ ಕೆನಡಾದ ರಿಫ್ರಾಕ್ಷನ್ಸ್ ರಿಸರ್ಚ್ ಎಂಬ ಸಂಸ್ಥೆ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಪೋಸ್ಟ್‌ಜಿಐಎಸ್ ಎಂಬ ಜೋಡಣೆಯನ್ನು ಹೊರತಂದಿತು. ಹೆಸರು, ಸಂಖ್ಯೆಗಳ ಜೊತೆ ಈಗ ಹೊಲದ ಗಡಿಯೂ ಕೋಷ್ಟಕದ ಒಂದು ಅಂಕಣವಾಯಿತು. ಮರುವರ್ಷ ಅಲಾಸ್ಕಾದ ಗ್ಯಾರಿ ಶೆರ್ಮನ್ ಅದನ್ನು ಲಿನಕ್ಸ್‌ನಲ್ಲಿ ನೋಡಲೆಂದೇ ಕ್ಯೂಜಿಐಎಸ್ ಬರೆಯತೊಡಗಿದರು. ಅದರ ಮೊದಲ ಆವೃತ್ತಿ ತೆರೆಯುತ್ತಿದ್ದುದು ಪೋಸ್ಟ್‌ಜಿಐಎಸ್ ಪದರಗಳನ್ನು ಮಾತ್ರ! ಇಂದು ಎಲ್ಲ ಬಗೆಯ ಫೈಲನ್ನೂ ತೆರೆಯುವ ತಂತ್ರಾಂಶ ಹುಟ್ಟಿದ್ದು ಡೇಟಾಬೇಸಿನ ಕಿಟಕಿಯಾಗಿ.

ಜೋಡಿಸುವುದು ಸುಲಭ. ಸರ್ವರ್ ವಿಳಾಸ, ಸಾಮಾನ್ಯವಾಗಿ 5432ರ ಪೋರ್ಟ್, ಡೇಟಾಬೇಸಿನ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್. ಪ್ರತಿ ಸಾಲಿಗೂ ತನ್ನದೇ ಗುರುತು ಸಂಖ್ಯೆ ಇರಬೇಕು, ಇಲ್ಲದಿದ್ದರೆ ಯಾವ ಸಾಲನ್ನು ತಿದ್ದಬೇಕೆಂದು ತಂತ್ರಾಂಶಕ್ಕೆ ತಿಳಿಯದು. ನೀವು ಗೆರೆ ಸರಿಸಿ ‘ಸೇವ್’ ಒತ್ತುವವರೆಗೆ ಅದು ನಿಮ್ಮ ಪರದೆಯಲ್ಲಷ್ಟೇ. ಒತ್ತಿದರೆ ಎಲ್ಲರದು.

ಪ್ರಶ್ನೆ ಕೇಳುವುದಂತೂ ಇನ್ನೂ ಸುಲಭ, ಅದೇ ಭಯ ಕೂಡ. 2024ರಲ್ಲಿ ಹೈಡ್ರಾ ಎಂಬ ಹೊಸ ಸಂಸ್ಥೆ ಹೈದರಾಬಾದಿನ ಕೆರೆಗಳ ಪೂರ್ಣ ಮಟ್ಟದ ಗೆರೆಯೊಳಗಿನ ಕಟ್ಟಡಗಳನ್ನು ಕೆಡವತೊಡಗಿತು. ಕೆರೆಯ ಗಡಿ ಒಂದು ಪದರ, ಮನೆಗಳು ಇನ್ನೊಂದು ಪದರ ಎಂದಿಟ್ಟುಕೊಳ್ಳಿ. ‘ಎಸ್‌ಟಿ_ಇಂಟರ್‌ಸೆಕ್ಟ್ಸ್’ ಎಂಬ ಒಂದೇ ಆಜ್ಞೆಗೆ ಒಳಗೆ ಬಿದ್ದ ಮನೆಗಳ ಪಟ್ಟಿ ಕ್ಷಣದಲ್ಲಿ ಸಿಗುತ್ತದೆ. ಗೆರೆಯನ್ನು ಎಳೆದದ್ದು ಮಳೆಗಾಲದಲ್ಲೋ ಬೇಸಿಗೆಯಲ್ಲೋ, ಯಾವ ಹಳೆಯ ಹಾಳೆ ನೋಡಿ ಎಂದು ಆಜ್ಞೆ ಕೇಳುವುದಿಲ್ಲ.

ಕರ್ನಾಟಕದ ರೈತರಿಗೆ ಇದು ಹೊಸದಲ್ಲ. ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಿತು, ಆದರೆ ಅದು ಅಕ್ಷರದ ದಾಖಲೆ. ಹೊಲದ ಆಕಾರ ಸರ್ವೆ ಸ್ಕೆಚ್‌ನಲ್ಲೇ ಉಳಿಯಿತು. ಎರಡೂ ಒಪ್ಪದಿದ್ದಾಗ ಅಲೆಯುವವರು ಯಾರೆಂದು ತಾಲ್ಲೂಕು ಕಚೇರಿಯ ಮುಂದಿನ ಬೆಂಚಿಗೆ ಗೊತ್ತು.

ಕಾಗದದ ಮೇಲೆ ಗೆರೆ ತಿದ್ದಿದರೆ ಹಳೆಯದು ಮಸಿಯ ಕೆಳಗೆ ಮಸುಕಾಗಿಯಾದರೂ ಉಳಿಯುತ್ತಿತ್ತು. ಕೋಷ್ಟಕದಲ್ಲಿ ತಿದ್ದಿದರೆ ಹಳೆಯ ಆಕಾರ ಕಣ್ಣಿಗೆ ಸಿಗುವುದಿಲ್ಲ. ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಸರಿಸಿದರೆಂದು ಬರೆದಿಡುವ ಇತಿಹಾಸದ ಕೋಷ್ಟಕವನ್ನು ಬೇರೆಯಾಗಿ ಕಟ್ಟಬೇಕು. ಹತ್ತಿಪ್ಪತ್ತು ಸಾಲಿನ ಕೆಲಸ. ನಿಮ್ಮೂರಿನ ಕೆರೆಯ ನಕ್ಷೆಗೆ ಅದನ್ನು ಕಟ್ಟಿದ್ದಾರೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು.